ಬೆಂಗಳೂರು–ಮಂಗಳೂರು: ಫ್ಲೈಟೋ, ರಾತ್ರಿ ಬಸ್ಸೋ, ರೈಲೋ?

ಬೆಂಗಳೂರು ವಿಮಾನ ನಿಲ್ದಾಣವಿರುವ ದೇವನಹಳ್ಳಿಯಿಂದ ಮಂಗಳೂರು ನಿಲ್ದಾಣವಿರುವ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 305 ಕಿ.ಮೀ. ಟಿಕೆಟಿನಲ್ಲಿ ಕಾಣುವ ಸಮಯ 1 ಗಂಟೆ 5ರಿಂದ 15 ನಿಮಿಷ. ಅದರಲ್ಲಿ ವಿಮಾನ ಗಾಳಿಯಲ್ಲಿರುವುದು 40–45 ನಿಮಿಷ ಅಷ್ಟೇ. ಮಿಕ್ಕಿದ್ದು ರನ್‌ವೇವರೆಗೆ ಉರುಳುವುದಕ್ಕೆ, ಸರದಿ ಕಾಯುವುದಕ್ಕೆ.

ಜೆಟ್ಟೋ ಎಟಿಆರೋ (ಪ್ರೊಪೆಲ್ಲರ್ ಇರುವ ಚಿಕ್ಕ ವಿಮಾನ) ಎಂದು ಇಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎ320 ಜೆಟ್ ಗಂಟೆಗೆ 830 ಕಿ.ಮೀ. ಹೋಗಬಲ್ಲದು, ಎಟಿಆರ್ 72 ಸುಮಾರು 500. ಆದರೆ ಜೆಟ್ ಮೇಲೇರಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಜೆಟ್‌ನಿಂದ ಉಳಿತಾಯ ಹತ್ತು ನಿಮಿಷ ಅಷ್ಟೇ. ಎಟಿಆರ್‌ನ ಲಗೇಜ್ ಗೂಡು ಚಿಕ್ಕದು, ಗಟ್ಟಿ ಟ್ರಾಲಿ ಹಿಡಿಸದೆ ಬಾಗಿಲಲ್ಲೇ ಕೊಡಬೇಕಾಗಬಹುದು. ಬಟ್ಟೆ ಬ್ಯಾಗು ಒಳ್ಳೆಯದು. ಹತ್ತಿಳಿಯುವ ಬಾಗಿಲು ಹಿಂದಿರುವುದರಿಂದ ಹಿಂದಿನ ಸಾಲಿನವರೇ ಮೊದಲು ಹೊರಗೆ. ಪ್ರೊಪೆಲ್ಲರ್ ಸದ್ದೂ ಅಲ್ಲಿ ಕಡಿಮೆ. ರೆಕ್ಕೆ ಮೇಲಿರುವುದರಿಂದ ಕಿಟಕಿಯಲ್ಲಿ ಘಟ್ಟ ಪೂರ್ತಿ ಕಾಣುತ್ತದೆ.

ನಿಜವಾದ ಲೆಕ್ಕ ಮನೆ ಬಾಗಿಲಿನದು. ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ 35 ಕಿ.ಮೀ., ವಾಯುವಜ್ರ ಬಸ್ಸಿನಲ್ಲಿ ಒಂದು ಗಂಟೆ. ಸಂಜೆ ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಕೇಳಲೇಬೇಡಿ. ಬ್ಯಾಗು ಕೊಡುವ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮುಂಚೆ ಮುಚ್ಚುತ್ತದೆ, ಹಾಗಾಗಿ ಒಂದೂವರೆ ಗಂಟೆ ಮೊದಲೇ ಅಲ್ಲಿರಬೇಕು. ಆಮೇಲೆ ವಿಮಾನ, ಬ್ಯಾಗಿಗಾಗಿ ಬೆಲ್ಟ್ ಮುಂದೆ ಇಪ್ಪತ್ತು ನಿಮಿಷ, ಬಜ್ಪೆಯಿಂದ ಮಂಗಳೂರಿನ ನಡುಭಾಗದ ಹಂಪನಕಟ್ಟೆಗೆ ನಲವತ್ತು. ಒಟ್ಟು ನಾಲ್ಕೂಮುಕ್ಕಾಲು ಗಂಟೆ. ಯಲಹಂಕದವರಿಗೆ ನಾಲ್ಕು, ಎಲೆಕ್ಟ್ರಾನಿಕ್ ಸಿಟಿಯವರಿಗೆ ಆರು.

ರಾತ್ರಿ ಬಸ್ಸು ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾರಿಯಲ್ಲಿ 350 ಕಿ.ಮೀ.ಗೆ ಏಳರಿಂದ ಎಂಟು ಗಂಟೆ. ಸ್ಲೀಪರ್‌ನಲ್ಲಿ ಮಧ್ಯದ ಕೆಳಗಿನ ಬರ್ತ್ ಹಿಡಿಯಿರಿ; ಹಿಂಚಕ್ರದ ಮೇಲಿನದಾದರೆ ಘಟ್ಟದ ಪ್ರತಿ ತಿರುವೂ ಬೆನ್ನಿಗೆ ಗೊತ್ತಾಗುತ್ತದೆ. ರೈಲು ಇನ್ನೂ ನಿಧಾನ: ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ.ಯಲ್ಲಿ 57 ಸುರಂಗಗಳು, 1:50 ಇಳಿಜಾರು (ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿತ). ಅಲ್ಲಿ ಗಂಟೆಗೆ 30 ಕಿ.ಮೀ. ದಾಟುವಂತಿಲ್ಲ. ಹಗಲಿನ ರೈಲಿನ ಗಾಜಿನ ಸೂರಿನ ವಿಸ್ಟಾಡೋಮ್ ಬೋಗಿ ಹತ್ತಿದರೆ ಆ ನಿಧಾನವೇ ಲಾಭ.

ಆಫೀಸು ಮುಗಿಸಿ ಹೊರಟು ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕಾದವರಿಗೆ ಬಸ್ಸೇ ಸರಿ. ರಾತ್ರಿ ಹೋಗುತ್ತದೆ, ಹಗಲು ಉಳಿಯುತ್ತದೆ. ಹೋದ ದಿನವೇ ವಾಪಸಾಗಬೇಕೆಂದರೆ ಮಾತ್ರ ಫ್ಲೈಟಿಗೆ ಎದುರಿಲ್ಲ.

ಮಳೆಗಾಲದಲ್ಲಿ ಲೆಕ್ಕ ತಲೆಕೆಳಗು. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ, ಉದ್ದ 2,450 ಮೀಟರ್. ಮೋಡ ಕವಿದು ರನ್‌ವೇ ಕಾಣದಿದ್ದರೆ ವಿಮಾನ ಸುತ್ತು ಹೊಡೆದು ಕಣ್ಣೂರಿಗೋ ಕೊಚ್ಚಿಗೋ ಹೋಗುತ್ತದೆ, ಇಲ್ಲವೇ ಬೆಂಗಳೂರಿಗೇ ಮರಳುತ್ತದೆ. ಶಿರಾಡಿಯೂ ಅದೇ ಮಳೆಗೆ ಕುಸಿಯುತ್ತದೆ. ಜುಲೈನಲ್ಲಿ ತುರ್ತು ಕೆಲಸವಿದ್ದರೆ ದಿನದ ಕೊನೆಯ ಫ್ಲೈಟ್ ಬೇಡ. ಮಧ್ಯಾಹ್ನದ್ದು ರದ್ದಾದರೆ ರಾತ್ರಿ ಬಸ್ಸಿಗಾದರೂ ಸಮಯ ಇರುತ್ತದೆ.