ತೆಳು ಲ್ಯಾಪ್‌ಟಾಪ್, ಜೋರು ಫ್ಯಾನ್: ಮೂರು ಬೇಸಿಗೆ ಕಂಡ ಮೇಲೆ ನನ್ನ ವಿಮರ್ಶೆ

ಈ ಲ್ಯಾಪ್‌ಟಾಪ್ ಮೂರು ಬೇಸಿಗೆ ಕಂಡಿದೆ. 14 ಇಂಚಿನ ಪರದೆ, ತೆಳು ಮೈ, ಒಳಗೆ ಇಂಟೆಲ್ ಐ5-1240ಪಿ ಚಿಪ್, 16 ಜಿಬಿ ರ‍್ಯಾಮ್, ವಿಂಡೋಸ್ 11. ಕೀಬೋರ್ಡ್ ಈಗಲೂ ಹೊಸದರ ಹಾಗೇ ಇದೆ. ಪರದೆ ಕಣ್ಣಿಗೆ ಹಿತ. ವೇಗದ ಬಗ್ಗೆ ದೂರಿಲ್ಲ. ದೂರು ಇರುವುದು ಒಂದೇ ವಿಷಯಕ್ಕೆ, ಫ್ಯಾನ್ ಶಬ್ದಕ್ಕೆ. ಅದನ್ನು ಕಡಿಮೆ ಮಾಡಲು ಏನೇನು ಮಾಡಿದೆ, ಯಾವುದು ಕೆಲಸಕ್ಕೆ ಬಂತು ಅನ್ನೋದನ್ನು ವಿವರವಾಗಿ ಬರೆಯುತ್ತೇನೆ. ಇದೇ ತರಹದ ತೆಳು ಮಷಿನ್ ಇಟ್ಟುಕೊಂಡು ಒದ್ದಾಡುತ್ತಿರುವವರು ತುಂಬಾ ಜನ ಇದ್ದಾರೆ.

ನಾನು ಮಂಡ್ಯದಲ್ಲಿ ಮನೆಯಿಂದಲೇ ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಪಾಠ ರೆಕಾರ್ಡ್ ಮಾಡುತ್ತೇನೆ. ಮೈಕ್ ಇರುವುದು ಲ್ಯಾಪ್‌ಟಾಪ್ ಪಕ್ಕದಲ್ಲೇ. ಫ್ಯಾನ್ ಜೋರಾದರೆ ಅದು ನೇರವಾಗಿ ಪಾಠದೊಳಗೆ ಬಂದು ಕೂರುತ್ತದೆ. ಶಬ್ದ ತೆಗೆಯುವ ಸಾಫ್ಟ್‌ವೇರ್ ಹಾಕಿದರೆ ಫ್ಯಾನ್ ಜೊತೆಗೆ ಧ್ವನಿಯ ಜೀವವೂ ಹೋಗುತ್ತದೆ. ಇಯರ್‌ಫೋನ್ ಹಾಕಿ ಕೇಳುವ ಮಕ್ಕಳಿಗೆ ಅದು ಗೊತ್ತಾಗುತ್ತದೆ. ಹಾಗಾಗಿ ಇದು ನನಗೆ ಸಣ್ಣ ವಿಷಯ ಅಲ್ಲ.

ಮೊದಲ ಚಳಿಗಾಲ ಏನೂ ತೊಂದರೆ ಇರಲಿಲ್ಲ. ಮಾರ್ಚ್ ಬಂದದ್ದೇ ಶುರುವಾಯಿತು. ಇದರಲ್ಲಿ ಸ್ವಲ್ಪ ಭಾಗ ಸಹಜ. ಫ್ಯಾನ್ ಒಳಗೆ ಎಳೆಯುವುದು ಕೋಣೆಯ ಗಾಳಿಯನ್ನೇ. ಕೋಣೆ 24 ಡಿಗ್ರಿಯಿಂದ 35 ಡಿಗ್ರಿಗೆ ಏರಿದರೆ, ಅದೇ ಕೆಲಸಕ್ಕೆ, ಅದೇ ಫ್ಯಾನ್ ವೇಗಕ್ಕೆ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಜಾಸ್ತಿ ಬಿಸಿಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಫ್ಯಾನ್ ಜೋರಾಗಿ ತಿರುಗಿದರೆ ಅದರ ತಪ್ಪೇನಿಲ್ಲ. ಆದರೆ ಬರೀ ಒಂದು ಪಿಡಿಎಫ್ ತೆರೆದಿಟ್ಟು ಸುಮ್ನೆ ಕೂತಾಗಲೂ ಫ್ಯಾನ್ ಕಿರುಚುತ್ತಿದ್ದರೆ ಅದು ಬಿಸಿಲಿನ ಕಾರಣಕ್ಕಲ್ಲ.

ಅಧಿಕೃತ ಸರ್ವಿಸ್ ಸೆಂಟರ್‌ಗೆ ಒಯ್ದೆ. ಎಸಿ ಕೋಣೆಯಲ್ಲಿ ಆನ್ ಮಾಡಿ ನೋಡಿ, ಇದೆಲ್ಲ ನಾರ್ಮಲ್ ಎಂದರು. ವಿಂಡೋಸ್ ಮತ್ತೆ ಹಾಕಿಕೊಟ್ಟರು. ಒಳಗೆ ತೆರೆದು ನೋಡಲಿಲ್ಲ. ವಾರಂಟಿ ಇರುವ ಗ್ರಾಹಕನಿಗೆ ಇಷ್ಟು ಸಾಲದು. ಮನೆಗೆ ತಂದ ಮೇಲೆ ಶಬ್ದ ಮೊದಲಿನಂತೆಯೇ ಬಂತು. ಅಲ್ಲಿಂದ ನಾನೇ ಒಂದೊಂದಾಗಿ ನೋಡುತ್ತಾ ಹೋದೆ. ಆಗ ಅರ್ಥವಾದದ್ದು ಇಷ್ಟು: ಫ್ಯಾನ್ ಹಿಂದೆ ಬೀಳಬಾರದು, ಬಿಸಿಯ ಹಿಂದೆ ಬೀಳಬೇಕು. ಬಿಸಿ ಎಲ್ಲಿ ಹುಟ್ಟುತ್ತಿದೆ, ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಹುಡುಕಿದರೆ ಶಬ್ದ ತಾನಾಗಿ ಇಳಿಯುತ್ತದೆ.

ಮೊದಲು ನೋಡಬೇಕಾದ್ದು ಟಾಸ್ಕ್ ಮ್ಯಾನೇಜರ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಸಿಪಿಯು ಅನ್ನುವ ಕಾಲಂ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಕೆಲಸ ಮಾಡುತ್ತಿರುವ ಪ್ರೋಗ್ರಾಂ ಮೇಲೆ ಬರುತ್ತದೆ. ನನ್ನದರಲ್ಲಿ ಕಂಪನಿಯವರೇ ಹಾಕಿಕೊಟ್ಟ ಒಂದು ಸಹಾಯಕ ಆ್ಯಪ್ ಯಾವಾಗಲೂ ಆರು ಪರ್ಸೆಂಟ್ ಆಸುಪಾಸಿನಲ್ಲಿತ್ತು. ಆರು ಪರ್ಸೆಂಟ್ ಅಂದರೆ ಏನು ಮಹಾ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡಿ. ಈ ಚಿಪ್‌ನಲ್ಲಿ 12 ಕೋರ್ (ಲೆಕ್ಕ ಮಾಡುವ ಘಟಕ), 16 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು) ಇವೆ. ನೂರನ್ನು ಹದಿನಾರರಿಂದ ಭಾಗಿಸಿದರೆ ಆರೂ ಕಾಲು. ಅಂದರೆ ಆ ಆ್ಯಪ್ ಒಂದು ಥ್ರೆಡ್ ಅನ್ನು ಪೂರ್ತಿ ಹಿಡಿದುಕೊಂಡು ಬಿಡದೆ ಓಡಿಸುತ್ತಿತ್ತು. ಒಂದೇ ಕೋರ್ ಮೇಲೆ ಹೊರೆ ಬಿದ್ದಾಗ ಚಿಪ್ ಅದನ್ನು ಟರ್ಬೋದಲ್ಲಿ, ಅಂದರೆ ಮಾಮೂಲಿ ವೇಗ ಮೀರಿ ಓಡಿಸುವ ವ್ಯವಸ್ಥೆಯಲ್ಲಿ, ಅತಿ ವೇಗಕ್ಕೆ ಏರಿಸುತ್ತದೆ. ಆ ಒಂದು ಮೂಲೆ ಸುಡುತ್ತದೆ, ಫ್ಯಾನ್ ಏಳುತ್ತದೆ. ಆ್ಯಪ್ ತೆಗೆದ ಮೇಲೆ ಸುಮ್ನೆ ಕೂತಾಗಿನ ಶಬ್ದ ಹೆಚ್ಚುಕಡಿಮೆ ಹೋಯಿತು. ಒಂದು ಮಾತು: ವಿಂಡೋಸ್ ಅಪ್‌ಡೇಟ್ ಆದ ಹೊಸದರಲ್ಲಿ ಇಂಡೆಕ್ಸಿಂಗ್ (ಫೈಲ್ ಬೇಗ ಹುಡುಕಲು ಪಟ್ಟಿ ಮಾಡಿಕೊಳ್ಳುವುದು), ವೈರಸ್ ಸ್ಕ್ಯಾನ್ ಎಲ್ಲ ನಡೆಯುತ್ತಿರುತ್ತವೆ. ಅವು ತಾವೇ ಮುಗಿಯುತ್ತವೆ, ಕಾಯಬೇಕು ಅಷ್ಟೇ.

ಎರಡನೆಯದು ಟರ್ಬೋ. ಚಿಪ್ ತಿನ್ನುವ ವಿದ್ಯುತ್ತು ಅದರ ವೇಗದ ಜೊತೆ ಏರುತ್ತದೆ, ಜೊತೆಗೆ ವೋಲ್ಟೇಜ್‌ನ ವರ್ಗದ (ವೋಲ್ಟೇಜ್ ಅನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲೂ ಏರುತ್ತದೆ. ವೇಗ ಹೆಚ್ಚಿಸಲು ವೋಲ್ಟೇಜ್ ಕೂಡ ಹೆಚ್ಚಿಸಬೇಕು. ಹಾಗಾಗಿ ಕೊನೆಯ ಸ್ವಲ್ಪ ವೇಗಕ್ಕೆ ಕೊಡುವ ಬೆಲೆ ತುಂಬಾ ಜಾಸ್ತಿ. ಐ5-1240ಪಿ ಚಿಪ್‌ನ ಮೂಲ ವಿದ್ಯುತ್ ಮಿತಿ 28 ವ್ಯಾಟ್, ಟರ್ಬೋದಲ್ಲಿ 64 ವ್ಯಾಟ್‌ವರೆಗೆ ಹೋಗಬಲ್ಲದು. ಒಂದೇ ಸಣ್ಣ ಫ್ಯಾನ್ ಇರುವ ತೆಳು ಲ್ಯಾಪ್‌ಟಾಪ್ ಅಷ್ಟು ಬಿಸಿಯನ್ನು ಸದ್ದಿಲ್ಲದೆ ಹೊರಗೆ ಹಾಕುವುದು ಆಗದ ಮಾತು. ತಪ್ಪು ಚಿಪ್‌ನದ್ದಲ್ಲ, ಅದನ್ನು ಇಷ್ಟು ತೆಳು ಡಬ್ಬಿಯೊಳಗೆ ಕೂರಿಸಿದ ಲೆಕ್ಕದ್ದು.

ರೆಕಾರ್ಡಿಂಗ್ ಹೊತ್ತಿನಲ್ಲಿ ನಾನು ಟರ್ಬೋವನ್ನೇ ನಿಲ್ಲಿಸುತ್ತೇನೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಒಳಗೆ ಮ್ಯಾಕ್ಸಿಮಂ ಪ್ರೊಸೆಸರ್ ಸ್ಟೇಟ್ ಅಂತ ಇರುತ್ತದೆ. ಅದನ್ನು 100ರಿಂದ 99ಕ್ಕೆ ಇಳಿಸಿದರೆ ಟರ್ಬೋ ನಿಲ್ಲುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲೇ ಕಾಣುವುದಿಲ್ಲ. ಆಗ ಸೆಟ್ಟಿಂಗ್ಸ್‌ನ ಪವರ್ ಮೋಡ್ ಅನ್ನು ಬೆಸ್ಟ್ ಪವರ್ ಎಫಿಷಿಯೆನ್ಸಿಗೆ ಇಟ್ಟರೂ ಒಳ್ಳೆ ವ್ಯತ್ಯಾಸ ಸಿಗುತ್ತದೆ. ಎಕ್ಸೆಲ್, ಸ್ಲೈಡ್, ಬ್ರೌಸರ್ ಯಾವುದರಲ್ಲೂ ನನಗೆ ನಿಧಾನ ಅನ್ನಿಸಿಲ್ಲ. ವಿಡಿಯೋ ಎಕ್ಸ್‌ಪೋರ್ಟ್ ಮಾತ್ರ ತಡವಾಗುತ್ತದೆ. ಆಗ ಮತ್ತೆ 100ಕ್ಕೆ ಏರಿಸಿ, ಎದ್ದು ಹೋಗಿ ಕಾಫಿ ಕುಡಿದು ಬರುತ್ತೇನೆ. ಫ್ಯಾನ್ ವೇಗ ಅರ್ಧಕ್ಕೆ ಇಳಿದರೆ ಶಬ್ದ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಹಾಗಾಗಿ ಬಿಸಿ ಸ್ವಲ್ಪ ತಗ್ಗಿದರೂ ಕಿವಿಗೆ ಸಿಗುವ ಆರಾಮ ದೊಡ್ಡದು.

ಫ್ಯಾನ್ ವೇಗವನ್ನೇ ಬಲವಂತವಾಗಿ ಇಳಿಸುವ ಸಾಫ್ಟ್‌ವೇರ್‌ಗಳೂ ಸಿಗುತ್ತವೆ. ದಯವಿಟ್ಟು ಬೇಡ. ಬಿಸಿ ಅಲ್ಲೇ ಉಳಿಯುತ್ತದೆ. ಚಿಪ್ 100 ಡಿಗ್ರಿ ಮುಟ್ಟಿದಾಗ ತಾನೇ ವೇಗ ತಗ್ಗಿಸಿ ಬಚಾವಾಗುತ್ತದೆ. ಆದರೆ ಪಕ್ಕದಲ್ಲೇ ಇರುವ ಬ್ಯಾಟರಿಗೆ ಅಂಥ ದಾರಿ ಇಲ್ಲ. ಬಿಸಿಯಲ್ಲಿ ಅದರ ಆಯಸ್ಸು ಕರಗುತ್ತದೆ.

ಇನ್ನು ಧೂಳು. ಇದರ ಬಗ್ಗೆ ಮಂಡ್ಯದವರಿಗೆ ಬಿಡಿಸಿ ಹೇಳಲೇಬೇಕು. ನಮ್ಮ ಮನೆ ಇರುವುದು ಕಬ್ಬಿನ ಗಾಡಿ, ಲಾರಿ ಓಡಾಡುವ ರಸ್ತೆಯಲ್ಲಿ. ಕಬ್ಬು ಅರೆಯುವ ಕಾಲದಲ್ಲಿ ಕಿಟಕಿ ತೆರೆದರೆ ಮೇಜಿನ ಮೇಲೆ ಬೆರಳಲ್ಲಿ ಬರೆಯಬಹುದು. ಅದರ ಜೊತೆಗೆ ಊದುಬತ್ತಿ. ನನ್ನ ಮೇಜು ದೇವರ ಮನೆಯ ಬಾಗಿಲ ಪಕ್ಕದಲ್ಲೇ ಇತ್ತು. ಊದುಬತ್ತಿ ಹೊಗೆಯಲ್ಲಿ ಎಣ್ಣೆಯ ಅಂಶ ಇರುತ್ತದೆ. ಅದು ಒಳಗೆ ಹೋಗಿ ಅಂಟಿದ ಮೇಲೆ ಧೂಳು ಊದಿದರೂ ಬಿಡುವುದಿಲ್ಲ. ಸೊಳ್ಳೆ ಬತ್ತಿ, ಸಾಂಬ್ರಾಣಿ ಹೊಗೆಯೂ ಹಾಗೇ.

ಲ್ಯಾಪ್‌ಟಾಪ್‌ನಲ್ಲಿ ಬಿಸಿ ಹೋಗುವ ದಾರಿ ಹೀಗಿದೆ. ಚಿಪ್ ಮೇಲೆ ಒಂದು ಚಪ್ಪಟೆ ತಾಮ್ರದ ಕೊಳವೆ ಕೂತಿರುತ್ತದೆ. ಅದರೊಳಗೆ ಕಡಿಮೆ ಒತ್ತಡದಲ್ಲಿ ಸ್ವಲ್ಪವೇ ನೀರು ಇರುತ್ತದೆ. ಬಿಸಿ ತುದಿಯಲ್ಲಿ ಅದು ಆವಿಯಾಗಿ, ಇನ್ನೊಂದು ತುದಿಯ ತೆಳು ಲೋಹದ ಪದರಗಳ ಹತ್ತಿರ ತಣಿದು ಮತ್ತೆ ನೀರಾಗಿ ವಾಪಸ್ ಬರುತ್ತದೆ. ಫ್ಯಾನ್ ಗಾಳಿ ಊದುವುದು ಆ ಪದರಗಳ ಸಂದಿಯೊಳಗೆ. ಧೂಳು ಬಂದು ನಿಲ್ಲುವುದು ಸರಿಯಾಗಿ ಫ್ಯಾನ್ ಮತ್ತು ಈ ಪದರಗಳ ನಡುವೆ. ನನ್ನದರಲ್ಲಿ ಅಲ್ಲಿ ಕಂಬಳಿ ತುಂಡಿನ ಹಾಗೆ ಒಂದು ಪದರ ಕೂತಿತ್ತು. ಹೊರಗಿನ ಜಾಲರಿಯಿಂದ ನೋಡಿದರೆ ಎಲ್ಲ ಸ್ವಚ್ಛವಾಗಿಯೇ ಕಾಣುತ್ತಿತ್ತು. ಹೊರಗಿನಿಂದ ಊದಿ ಸಮಾಧಾನ ಮಾಡಿಕೊಂಡರೆ ಆಗದು, ಹಿಂದಿನ ಮುಚ್ಚಳ ತೆಗೆಯಬೇಕು.

ತೆಗೆಯುವವರು ಮೊದಲು ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಮುಚ್ಚಳ ತೆರೆದ ತಕ್ಷಣ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಗಾಳಿ ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಅದು ಅತಿ ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ಕೆಳಗಿನ ಮುಚ್ಚಳ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಆಗ ಕೈ ಹಾಕಬೇಡಿ, ಚಾರ್ಜ್ ಕೂಡ ಮಾಡಬೇಡಿ, ಗೊತ್ತಿರುವವರ ಹತ್ತಿರ ಒಯ್ಯಿರಿ.

ಧೂಳು ತೆಗೆದದ್ದರಿಂದ ಸಿಕ್ಕಷ್ಟು ಲಾಭ ಬೇರೆ ಯಾವುದರಿಂದಲೂ ಸಿಗಲಿಲ್ಲ. ಆಮೇಲೆ ಮೇಜನ್ನು ದೇವರ ಮನೆಯಿಂದ ದೂರ ಸರಿಸಿದೆ.

ಥರ್ಮಲ್ ಪೇಸ್ಟ್ ಬದಲಾಯಿಸುವ ಕೆಲಸವನ್ನು ಮೈಸೂರಿನ ದೇವರಾಜ ಅರಸು ರಸ್ತೆ ಕಡೆಯ ಒಂದು ಸಣ್ಣ ಅಂಗಡಿಗೆ ಒಪ್ಪಿಸಿದೆ. ಚಿಪ್‌ಗೂ ತಾಮ್ರಕ್ಕೂ ನಡುವೆ ಇರುವ ಈ ಪೇಸ್ಟ್ ಬಿಸಿ, ತಣ್ಣಗೆ ಆಗಿ ಆಗಿ ನಿಧಾನಕ್ಕೆ ಅಂಚಿಗೆ ಸರಿದು ಒಣಗುತ್ತದೆ. ಅಂಗಡಿಯ ಹುಡುಗ ಪೇಸ್ಟ್ ಬದಲು ಹನಿವೆಲ್ ಪಿಟಿಎಂ7950 ಅನ್ನುವ ಹಾಳೆ ಹಾಕೋಣವಾ ಎಂದು ಕೇಳಿದ. ಅದು ಸುಮಾರು 45 ಡಿಗ್ರಿಗೆ ಮೆದುವಾಗಿ ಸಂದಿ ತುಂಬಿಕೊಳ್ಳುತ್ತದೆ, ಪೇಸ್ಟ್‌ನ ಹಾಗೆ ಬೇಗ ಸರಿದು ಹೋಗುವುದಿಲ್ಲ. ಒಪ್ಪಿದೆ. ನನ್ನ ಕಣ್ಣೆದುರಿಗೇ ಬಿಚ್ಚಿ, ಪ್ರತಿ ಸ್ಕ್ರೂ ಎಲ್ಲಿಂದ ಬಂತು ಅಂತ ಕಾಗದದ ಮೇಲೆ ಗುರುತು ಮಾಡಿಕೊಂಡು ಕೆಲಸ ಮಾಡಿದ. ಅಷ್ಟು ಶ್ರದ್ಧೆ ನೋಡಿ ನನಗೆ ತುಂಬಾ ಖುಷಿಯಾಯಿತು.

ಫ್ಯಾನ್ ಶಬ್ದದ ಬಗೆಯನ್ನೂ ಗಮನಿಸಿ. ಗಾಳಿ ನುಗ್ಗುವ ಸುಯ್ ಎನ್ನುವ ಶಬ್ದವಾದರೆ ಅದು ಬಿಸಿಯ ಸಮಸ್ಯೆ. ಕರಕರ, ಟಕಟಕ ಅಂದರೆ ಬೇರಿಂಗ್ ಸವೆದಿದೆ ಅಥವಾ ರೆಕ್ಕೆಗೆ ಏನೋ ತಾಗುತ್ತಿದೆ. ಬೇರಿಂಗ್ ಸವೆದಿದ್ದರೆ ಫ್ಯಾನ್ ಬದಲಾಯಿಸುವುದೊಂದೇ ದಾರಿ.

ಕೂಲಿಂಗ್ ಪ್ಯಾಡ್‌ಗೆ ಹಣ ಹಾಕಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಈ ಮಷಿನ್ ಗಾಳಿ ಎಳೆಯುವುದು ತಳದಿಂದ. ಹಿಂಭಾಗವನ್ನು ಒಂದಿಂಚು ಎತ್ತಿಟ್ಟರೆ ಸಾಕು. ತಳದ ರಬ್ಬರ್ ಪಾದಗಳು ಸವೆದು ಬಿದ್ದಿದ್ದರೆ ಮೊದಲು ಅವನ್ನು ಅಂಟಿಸಿ. ಹಾಸಿಗೆ, ದಿಂಬಿನ ಮೇಲೆ ಮಾತ್ರ ಇಡಬೇಡಿ.

ಆಮೇಲೆ ಬಂದ ಒಂದು ಬಯೋಸ್ (ಮದರ್‌ಬೋರ್ಡ್‌ನಲ್ಲೇ ಇರುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್‌ನಿಂದ ಫ್ಯಾನ್ ಕ್ಷಣಕ್ಕೊಮ್ಮೆ ಏರಿ ಇಳಿಯುವುದು ನಿಂತಿತು. ಅಪ್‌ಡೇಟ್ ಮಾಡುವಾಗ ಬ್ಯಾಟರಿ ತುಂಬಿರಲಿ, ಚಾರ್ಜರ್ ಕೂಡ ಹಾಕಿರಲಿ. ನಡುವೆ ಕರೆಂಟ್ ಹೋಗಿ ಮಷಿನ್ ಆಫ್ ಆದರೆ ಮದರ್‌ಬೋರ್ಡೇ ಕೈಕೊಡಬಹುದು.

ಈಗ ರೆಕಾರ್ಡಿಂಗ್‌ನಲ್ಲಿ ಫ್ಯಾನ್ ಕೇಳಿಸುವುದಿಲ್ಲ. ವಿಡಿಯೋ ಎಕ್ಸ್‌ಪೋರ್ಟ್ ಆಗುವಾಗ, ಅದೂ ಏಪ್ರಿಲ್‌ನಲ್ಲಿ, ಜೋರಾಗುತ್ತದೆ. ಅದನ್ನು ಒಪ್ಪಿಕೊಂಡಿದ್ದೇನೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದದ್ದರಲ್ಲಿ ಒಂದು ಅಂಕ ಆ ಸಹಾಯಕ ಆ್ಯಪ್ ಮತ್ತು ಸರ್ವಿಸ್‌ಗೆ.

ಪಾಠ, ಬಿಲ್ಲು, ಬರವಣಿಗೆ ಇಷ್ಟೇ ಕೆಲಸ ಇರುವವರು ಇದೇ ಪೀಳಿಗೆಯ, ಹೆಸರಿನ ಕೊನೆಗೆ ಪಿ ಬದಲು ಯು ಅಕ್ಷರ ಬರುವ ಚಿಪ್ ಇರುವ ಲ್ಯಾಪ್‌ಟಾಪ್ ತೆಗೆದುಕೊಳ್ಳಿ. ಐ5-1235ಯು ಚಿಪ್‌ನ ಮೂಲ ಮಿತಿ 15 ವ್ಯಾಟ್ ಮಾತ್ರ. ಕೊಳ್ಳುವ ಮುಂಚೆ ಅಂಗಡಿಯಲ್ಲಿ ಅರ್ಧ ಗಂಟೆ ವಿಡಿಯೋ ಓಡಿಸಿ, ಹಿಂದಿನಿಂದ ಬರುವ ಗಾಳಿಗೆ ಕೈ ಹಿಡಿದು ನೋಡಿ, ಕಿವಿಗೊಟ್ಟು ಕೇಳಿ. ಶೋರೂಂನಲ್ಲಿ ಎಸಿ ಇರುತ್ತದೆ, ಹಿನ್ನೆಲೆ ಸದ್ದೂ ಇರುತ್ತದೆ. ಅಲ್ಲೇ ಫ್ಯಾನ್ ಎದ್ದು ಕೇಳಿಸಿದರೆ ಆ ಮಾಡೆಲ್ ನಮ್ಮ ಊರಿನ ಬೇಸಿಗೆಗೆ ಆಗುವುದಿಲ್ಲ, ಬೇರೆ ನೋಡಿ.