ಪೀಲಿಂಗ್ ಆದಮೇಲೆ ಉಳಿದ ಕಪ್ಪು: ಟ್ರಿಪಲ್ ಕ್ರೀಮಾ, ಅಜೆಲಾಯಿಕ್ಕಾ, ಕೋಜಿಕ್ಕಾ?

ಗ್ಲೈಕಾಲಿಕ್ ಅಥವಾ ಟಿಸಿಎ (ಟ್ರೈಕ್ಲೋರೋಅಸೆಟಿಕ್) ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಕಳಚುವ ಪೀಲ್ ಮಾಡಿಸಿಕೊಂಡು ಎರಡು-ಮೂರು ವಾರಕ್ಕೆ ಕೆನ್ನೆ ಮೇಲೆ, ಬಾಯಿ ಸುತ್ತ ಕಂದು ಕಲೆ ಎದ್ದರೆ ಬಹಳ ಜನ ಬಂಗು ಬಂತು ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಅದು ಬಂಗಲ್ಲ. ಆಸಿಡ್ಡಿನಿಂದ ಚರ್ಮ ಕೆರಳಿರುತ್ತದೆ, ಆ ಕೆರಳಿಕೆಗೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಜಾಸ್ತಿ ತಯಾರಾಗಿರುತ್ತದೆ. ಎಣ್ಣೆಗೆಂಪು, ಕಪ್ಪು ಮೈಬಣ್ಣದವರಲ್ಲಿ ಇದು ಬೇಗ ಆಗುತ್ತದೆ. ಪೀಲ್ ಆದ ವಾರದಲ್ಲೇ ಕೋಲಾರದ ಏಪ್ರಿಲ್ ಬಿಸಿಲಿಗೆ ಬೈಕ್ ಹತ್ತಿದರಂತೂ ಕೇಳುವುದೇ ಬೇಡ.

ಯಾವ ಕ್ರೀಮ್ ಅಂತ ಕೇಳುವ ಮುಂಚೆ ಕಲೆಯ ಬಣ್ಣವನ್ನು ಹಗಲು ಬೆಳಕಲ್ಲಿ ನೋಡಿ. ಕಂದು ಬಣ್ಣವಾಗಿದ್ದರೆ ಮೆಲನಿನ್ ಮೇಲ್ಪದರದಲ್ಲಿದೆ, ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಬೂದಿ ಅಥವಾ ನೀಲಿ ಛಾಯೆ ಇದ್ದರೆ ಕೆಳಪದರಕ್ಕೆ ಇಳಿದಿದೆ. ಅಲ್ಲಿಗೆ ಈ ಯಾವ ಕ್ರೀಮೂ ಸರಿಯಾಗಿ ಮುಟ್ಟುವುದಿಲ್ಲ, ಕರಗಲು ವರ್ಷಗಳೂ ಹಿಡಿಯಬಹುದು. ಹಳದಿ ಹೊಪ್ಪಳೆ, ಕೀವು, ನೀರುಗುಳ್ಳೆ ಕಂಡರೆ ಸೋಂಕು ತಗುಲಿರಬಹುದು. ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಸಿಪ್ಪೆ ಪೂರ್ತಿ ಉದುರುವ ತನಕ ಕಲೆಗೆ ಯಾವ ಔಷಧಿಯೂ ಬೇಡ. ಬರೀ ತಣ್ಣೀರು ಸೋಕಿದರೂ ಚುರುಗುಟ್ಟುತ್ತಿದ್ದರೆ ಇನ್ನೂ ಕಾಯಬೇಕು ಅಂತ ಅರ್ಥ. ಅಲ್ಲಿಯವರೆಗೆ ಪೆಟ್ರೋಲಿಯಂ ಜೆಲ್ಲಿ ಇಲ್ಲವೇ ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಸಾಕು. ಸಿಪ್ಪೆಯನ್ನು ಉಗುರಲ್ಲಿ ಕಿತ್ತರೆ ಕಿತ್ತ ಜಾಗದಲ್ಲೇ, ಕಿತ್ತ ಆಕಾರದಲ್ಲೇ ಕಪ್ಪು ಕೂರುತ್ತದೆ.

ಈಗ ಹೋಲಿಕೆಗೆ ಬರೋಣ. ವೇಗದಲ್ಲಿ, ಮೂರು ಔಷಧಿ ಸೇರಿದ ಟ್ರಿಪಲ್ ಕ್ರೀಮನ್ನು ಹಿಂದೆ ಹಾಕುವಂಥದ್ದು ಇವುಗಳಲ್ಲಿ ಇಲ್ಲ. ಅದರಲ್ಲಿ ಹೈಡ್ರೋಕ್ವಿನೋನ್ ಮೆಲನಿನ್ ತಯಾರಿಯನ್ನು ತಡೆಯುತ್ತದೆ, ಟ್ರೆಟಿನಾಯಿನ್ ಹಳೆ ಪದರವನ್ನು ಬೇಗ ಕಳಚುತ್ತದೆ, ಸ್ಟೀರಾಯ್ಡ್ ಉರಿ ಇಳಿಸುತ್ತದೆ. ರಾತ್ರಿ ಮಲಗುವ ಅರ್ಧ ಗಂಟೆ ಮುಂಚೆ, ಒಣಗಿದ ಮುಖಕ್ಕೆ, ಒಟ್ಟು ಒಂದು ಬಟಾಣಿ ಕಾಳಿನಷ್ಟು. ನಾಲ್ಕನೇ ವಾರಕ್ಕೇ ವ್ಯತ್ಯಾಸ ಕಾಣಿಸಬಹುದು. ಎಡವಟ್ಟು ಶುರುವಾಗುವುದೂ ಅಲ್ಲೇ. ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಮೆಡಿಕಲ್ ಶಾಪಿಂದ ಇನ್ನೊಂದು ಟ್ಯೂಬು, ಮತ್ತೊಂದು ಟ್ಯೂಬು ತರುತ್ತಾರೆ. ತಿಂಗಳುಗಟ್ಟಲೆ ಹಚ್ಚಿದ ಮುಖಕ್ಕೆ ಸ್ಟೀರಾಯ್ಡ್ ಚಟವಾಗಿ ಅಂಟಿಕೊಳ್ಳುತ್ತದೆ: ಚರ್ಮ ತೆಳುವಾಗಿ ನರ ಕಾಣುತ್ತದೆ, ಮೊಡವೆ ಏಳುತ್ತದೆ, ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ. ಹೈಡ್ರೋಕ್ವಿನೋನ್ ವರ್ಷಾನುಗಟ್ಟಲೆ ಹಚ್ಚಿದರೆ ಓಕ್ರೋನೋಸಿಸ್ ಅನ್ನುವ ನೀಲಿಗಪ್ಪು ಕಲೆ ಬರಬಹುದು, ಅದನ್ನು ತೆಗೆಯುವುದು ಮೊದಲ ಕಲೆಗಿಂತ ಕಷ್ಟ. ಹಾಗಾಗಿ ಡಾಕ್ಟರ್ ಚೀಟಿ ಇಲ್ಲದೆ ಇದನ್ನು ಮುಟ್ಟಬೇಡಿ; ಚೀಟಿ ಇದ್ದರೂ ಎಂಟು ವಾರದ ಗಡಿ ದಾಟಬೇಡಿ. ಗರ್ಭಿಣಿಯರಿಗೆ ಬೇಡವೇ ಬೇಡ. ಟ್ಯೂಬಿನ ಬಾಯಲ್ಲಿ ಕ್ರೀಮ್ ಚಹಾ ಬಣ್ಣಕ್ಕೆ ತಿರುಗಿದ್ದರೆ ಹೈಡ್ರೋಕ್ವಿನೋನ್ ಗಾಳಿಗೆ ಕೆಟ್ಟಿದೆ, ಎಸೆಯಿರಿ.

ಅಜೆಲಾಯಿಕ್ ಆಸಿಡ್ ನಿಧಾನಿ, ಆದರೆ ನಮ್ಮ ಮತ ಇದಕ್ಕೇ. 10, 15, 20 ಪರ್ಸೆಂಟಿನಲ್ಲಿ ಸಿಗುತ್ತದೆ. ಪೀಲ್ ಆದ ಮುಖಕ್ಕೆ 10ರಿಂದ ಶುರು ಮಾಡಿ. ಮೊದಲ ವಾರ ದಿನ ಬಿಟ್ಟು ದಿನ ರಾತ್ರಿ, ಆಮೇಲೆ ದಿನಾ ರಾತ್ರಿ, ಒಗ್ಗಿದ ಮೇಲೆ ಬೆಳಿಗ್ಗೆಯೂ. ಹಚ್ಚಿದ ಹತ್ತು ನಿಮಿಷ ಇರುವೆ ಹರಿದಂತೆ ತುರಿಸುತ್ತದೆ. ಎರಡು-ಮೂರು ವಾರಕ್ಕೆ ಅದು ಕಮ್ಮಿಯಾಗುತ್ತದೆ. ತಡೆಯಲಾಗದಿದ್ದರೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಇದು. ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಕೆರಳಿದ ಕೋಶಗಳ ಮೇಲೇ ಹೆಚ್ಚು ಕೆಲಸ ಮಾಡುವುದರಿಂದ ಕಲೆಯ ಸುತ್ತಲಿನ ಒಳ್ಳೆ ಚರ್ಮ ಬೆಳ್ಳಗಾಗಿ ಉಂಗುರ ಬೀಳುವ ಭಯ ಕಮ್ಮಿ. ಗರ್ಭಿಣಿಯರಿಗೂ ಸಾಮಾನ್ಯವಾಗಿ ಡಾಕ್ಟರು ಒಪ್ಪುವ ಔಷಧಿ ಇದು. ಜೆಲ್ಲಿನದ್ದೊಂದು ತಾಪತ್ರಯ ಇದೆ: ಆರುವ ಮುಂಚೆಯೇ ಸನ್‌ಸ್ಕ್ರೀನ್ ಹಚ್ಚಿದರೆ ರಬ್ಬರ್ ಪುಡಿಯ ಹಾಗೆ ಉಂಡೆ ಉಂಡೆಯಾಗಿ ಕೈಗೆ ಬರುತ್ತದೆ. ಹತ್ತು ನಿಮಿಷ ಬಿಡಿ.

ಕೋಜಿಕ್ ಆಸಿಡ್ 1–2 ಪರ್ಸೆಂಟ್ ಸೀರಮ್ಮಾಗಿ ಕೆಲಸ ಮಾಡುತ್ತದೆ, ಆದರೆ ಕೆಲವರಿಗೆ ಅಲರ್ಜಿಯಾಗಿ ಮುಖ ಕೆರಳುತ್ತದೆ. ಕೆರಳಿದರೆ ಮತ್ತೆ ಕಪ್ಪೇ. ಕೋಜಿಕ್ ಸೋಪು ದುಡ್ಡು ದಂಡ, ಅರ್ಧ ನಿಮಿಷದಲ್ಲಿ ತೊಳೆದುಹೋಗುವುದು ಕಲೆಯನ್ನೇನು ಮಾಡೀತು? ನಿಯಾಸಿನಮೈಡ್ 4–5 ಪರ್ಸೆಂಟ್ ಒಂಟಿಯಾಗಿ ದುರ್ಬಲ. ಅಜೆಲಾಯಿಕ್ ಜೊತೆಗಿದ್ದರೆ ಚರ್ಮ ಒಣಗದ ಹಾಗೆ ನೋಡಿಕೊಳ್ಳುತ್ತದೆ. ನಿಂಬೆರಸವಂತೂ ಬಿಸಿಲು ಸೇರಿದರೆ ಸುಟ್ಟ ಕಲೆಯನ್ನೇ ಮಾಡುತ್ತದೆ, ಹತ್ತಿರ ಸೇರಿಸಬೇಡಿ. ಯಾವುದನ್ನೇ ಆದರೂ ಮೊದಲು ಕಿವಿಯ ಕೆಳಗೆ ದವಡೆಯಂಚಿಗೆ ಮೂರು ರಾತ್ರಿ ಹಚ್ಚಿ ನೋಡಿ.

ಇವೆಲ್ಲಕ್ಕಿಂತ ಮೇಲೆ ಸನ್‌ಸ್ಕ್ರೀನ್. ಎಸ್‌ಪಿಎಫ್ 30ಕ್ಕಿಂತ ಕಮ್ಮಿ ಬೇಡ, ಮುಖ-ಕತ್ತಿಗೆ ಎರಡು ಬೆರಳಿನ ಉದ್ದದಷ್ಟು, ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬಿಳಿ ಸನ್‌ಸ್ಕ್ರೀನಿಗಿಂತ ಐರನ್ ಆಕ್ಸೈಡ್ ಇರುವ ಬಣ್ಣದ್ದು ಈ ಕಲೆಗೆ ಮೇಲು, ಯಾಕೆಂದರೆ ಕಣ್ಣಿಗೆ ಕಾಣುವ ಬೆಳಕೂ ನಮ್ಮಂಥ ಚರ್ಮವನ್ನು ಕಪ್ಪು ಮಾಡುತ್ತದೆ, ಅದನ್ನು ತಡೆಯುವುದು ಆ ಬಣ್ಣ. ದುಪ್ಪಟ್ಟಾಕ್ಕೆ, ಹೆಲ್ಮೆಟ್ ಪಟ್ಟಿಗೆ ಕಂದು ಅಂಟುತ್ತದೆ ನಿಜ, ಸಹಿಸಿಕೊಳ್ಳಿ. ತುಮಕೂರಿಂದ ದಿನಾ ಬೆಂಗಳೂರಿಗೆ ಬಸ್ಸಲ್ಲಿ ಹೋಗುವವರು ಕಿಟಕಿ ಗಾಜನ್ನು ನಂಬಬೇಡಿ. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಯುವಿಬಿಯನ್ನು ಗಾಜು ತಡೆದರೂ ಯುವಿಎಯನ್ನು ಒಳಗೆ ಬಿಡುತ್ತದೆ. ಹೆಲ್ಮೆಟ್ ಪಟ್ಟಿ ದವಡೆಗೆ ಉಜ್ಜುವ ಕಡೆ ಮೆತ್ತನೆ ಹತ್ತಿ ಬಟ್ಟೆ ಸುತ್ತಿ, ಉಜ್ಜಾಟಕ್ಕೂ ಕಲೆ ಕಪ್ಪಾಗುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ಬಾಣಲಿಯ ಹಬೆಗೆ ದಿನವಿಡೀ ಮುಖ ಒಡ್ಡಿ ನೂಲು ತೆಗೆಯುವವರು ಪೀಲಿಂಗಿಗೆ ಹೋಗುವ ಮುಂಚೆಯೇ ಡಾಕ್ಟರಿಗೆ ಆ ಕೆಲಸದ ವಿಷಯ ಹೇಳಬೇಕು. ಬಿಸಿಯೂ ಚರ್ಮವನ್ನು ಕೆರಳಿಸುತ್ತದೆ.

ಫಲವನ್ನು ಕನ್ನಡಿಯಲ್ಲಿ ಅಳೆಯಬೇಡಿ, ದಿನಾ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎರಡು ವಾರಕ್ಕೊಮ್ಮೆ ಅದೇ ಕಿಟಕಿ, ಅದೇ ಹೊತ್ತು, ಒಂದು ಫೋಟೋ. ಹನ್ನೆರಡು ವಾರಕ್ಕೂ ಕದಲದಿದ್ದರೆ ಚರ್ಮದ ಡಾಕ್ಟರನ್ನು ಕಾಣಿ. ಕಲೆ ಇನ್ನೂ ಇರುವಾಗಲೇ "ಇನ್ನೊಂದು ಪೀಲ್ ಮಾಡಿದರೆ ಹೋಗುತ್ತೆ" ಅಂತ ಪಾರ್ಲರಲ್ಲಿ ಹೇಳಿದರೆ ಒಪ್ಪಬೇಡಿ. ಮುಂದೆ ಮಾಡಿಸುವುದೇ ಆದರೆ ಡಾಕ್ಟರ ಕೈಯಲ್ಲೇ ಮಾಡಿಸಿ, ಕಳೆದ ಸಲ ಯಾವ ಆಸಿಡ್, ಎಷ್ಟು ಪರ್ಸೆಂಟ್, ಎಷ್ಟು ನಿಮಿಷ ಇಟ್ಟಿದ್ದರು ಅನ್ನುವುದನ್ನು ಬರೆದುಕೊಂಡು ಹೋಗಿ ತೋರಿಸಿ.