ನುಂಗುವಾಗ ಎಚ್ಚರ ತಪ್ಪುವವರಿಗೆ ಹೋಲ್ಟರ್ ಪರೀಕ್ಷೆ: ತುಮಕೂರಿನ ಒಂದು ಹೃದ್ರೋಗ ಕ್ಲಿನಿಕ್‌ನ ಸೇವೆ

ಹೃದಯದ ಬಡಿತವನ್ನು 24 ಗಂಟೆ ದಾಖಲಿಸುವ ಹೋಲ್ಟರ್ ಯಂತ್ರ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಅದನ್ನು ಕಟ್ಟುವವರು ರೋಗಿಯನ್ನು ಏನು ಕೇಳುತ್ತಾರೆ ಎಂಬುದರಿಂದಲೇ ಆ ಸೇವೆಯನ್ನು ಅಳೆಯಬೇಕು. ಬಿ.ಎಚ್. ರಸ್ತೆಯ ಸಮೀಪದ ಈ ಪುಟ್ಟ ಕ್ಲಿನಿಕ್ ಆ ವಿಷಯದಲ್ಲಿ ನಮ್ಮ ಮನಸ್ಸನ್ನು ಗೆದ್ದಿತು.

ಬಡಿತದ ಏರುಪೇರಿಗಾಗಿ ಬಹುಕಾಲದಿಂದ, ಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಿದ್ದ ನಮ್ಮ ತಂದೆಯವರು ಊಟಕ್ಕೆ ಕುಳಿತಲ್ಲಿಯೇ ಕಣ್ಣು ಕತ್ತಲಿಟ್ಟು ಒರಗಿಬಿಡುತ್ತಿದ್ದರು. ಬೇರೆಡೆ ತೆಗೆಸಿದ ಇಸಿಜಿಯಲ್ಲಿ ಹೊಸ ದೋಷವೇನೂ ಕಂಡಿರಲಿಲ್ಲ. ನುಂಗದೆ ಸುಮ್ಮನೆ ಮಲಗಿದ್ದಾಗ ಕಾಣುವುದಾದರೂ ಹೇಗೆ? ಇಲ್ಲಿನ ತಂತ್ರಜ್ಞೆ ಯಂತ್ರ ಕಟ್ಟುವ ಮೊದಲೇ, “ಯಜಮಾನರೇ, ತುತ್ತು ಇಳಿಯುವಾಗ ಹೀಗಾಗುತ್ತದೆಯೋ, ಊಟ ಮುಗಿಸಿ ಎದ್ದ ಮೇಲೋ?” ಎಂದು ಕೇಳಿದರು. ಊಟದ ನಂತರ ರಕ್ತದೊತ್ತಡ ಇಳಿದು ತಲೆ ಸುತ್ತುವುದು ಬೇರೆ, ನುಂಗುವ ಕ್ಷಣದಲ್ಲೇ ಎಚ್ಚರ ತಪ್ಪುವುದು ಬೇರೆ.

ವೈದ್ಯರು ಇದನ್ನು ಅವಸರವಿಲ್ಲದೆ ವಿವರಿಸಿದರು. ದೊಡ್ಡ ತುತ್ತು ಅನ್ನನಾಳವನ್ನು ಹಿಗ್ಗಿಸಿದಾಗ ಕೆಲವರಲ್ಲಿ, ಮೆದುಳಿನಿಂದ ಅನ್ನನಾಳಕ್ಕೂ ಹೃದಯಕ್ಕೂ ಹೋಗುವ ವೇಗಸ್ ನರ ಅತಿಯಾಗಿ ಪ್ರಚೋದನೆಗೊಂಡು ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ, ಒಮ್ಮೊಮ್ಮೆ ಕೆಲವು ಸೆಕೆಂಡು ನಿಲ್ಲಿಸಿಯೂ ಬಿಡುತ್ತದೆ. ಬೀಟಾ ಬ್ಲಾಕರ್, ಡಿಗಾಕ್ಸಿನ್‌ನಂಥ ಔಷಧಿಗಳು ಇದನ್ನು ಇನ್ನಷ್ಟು ಹೆಚ್ಚಿಸಬಹುದು. ತಣ್ಣನೆಯ ಸೋಡಾದಿಂದಲೂ ಹೀಗಾಗುವುದುಂಟು. ಅಗಿಯದೆ ನುಂಗುವ ರಾಗಿಮುದ್ದೆಯೇ ದಿನದ ಊಟವಾಗಿರುವ ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಪ್ರತಿಯೊಬ್ಬ ವೈದ್ಯರೂ ಕೇಳಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಮನೆಯಿಂದ ಮುದ್ದೆ, ಬಸ್ಸಾರು ತರಿಸಿ, ಇಸಿಜಿ ತಂತಿಗಳನ್ನು ಹಚ್ಚಿ, ಮಂಚದ ಮೇಲೆ ಒರಗಿ ಕುಳ್ಳಿರಿಸಿ, ವೈದ್ಯರು ಪಕ್ಕದಲ್ಲೇ ನಿಂತು ತಿನ್ನಿಸಿದರು. ನೀರು ಕುಡಿದಾಗ ಏನೂ ಆಗಲಿಲ್ಲ. ಮುದ್ದೆಯ ತುತ್ತು ಇಳಿಯುತ್ತಿದ್ದಂತೆ, ಹೃದಯದ ಮೇಲಿನ ಕೋಣೆಗಳ ವಿದ್ಯುತ್ ಸಂಕೇತ ಕೆಳಗಿನ ಕೋಣೆಗಳಿಗೆ ತಲುಪದೆ ಬಡಿತ ತಪ್ಪಿದ್ದು ಪರದೆಯ ಮೇಲೆ ನಮಗೂ ಕಂಡಿತು. ಇದನ್ನು ಮನೆಯಲ್ಲಿ ಯಾರೂ ಪರೀಕ್ಷಿಸಿ ನೋಡಬಾರದು. ಹೋಲ್ಟರ್ ಜೊತೆ ಅವರು ಕೊಟ್ಟ ಕನ್ನಡದ ಹಾಳೆಯಲ್ಲಿ ಪ್ರತಿ ಊಟದ ಹೊತ್ತನ್ನೂ ತಲೆಸುತ್ತು ಬಂದ ಹೊತ್ತನ್ನೂ ಬರೆದಿಟ್ಟಿದ್ದರಿಂದ, ದಾಖಲೆಯೊಂದಿಗೆ ತಾಳೆ ನೋಡುವುದು ಅವರಿಗೆ ಸುಲಭವಾಯಿತು.

ವೈದ್ಯರು ಕೂಡಲೇ ಪೇಸ್‌ಮೇಕರ್ (ಬಡಿತ ತಪ್ಪದಂತೆ ದೇಹದೊಳಗೆ ಅಳವಡಿಸುವ ಸಾಧನ) ಎನ್ನದೆ, ಮೊದಲು ತಾವೇ ಮಾತ್ರೆಯ ಪ್ರಮಾಣವನ್ನು ಹಂತಹಂತವಾಗಿ ಇಳಿಸಿದ್ದು, ಅನ್ನನಾಳ ಕಿರಿದಾಗಿದೆಯೇ ಎಂದು ತಿಳಿಯಲು ಎಂಡೋಸ್ಕೋಪಿಗೆ ಬರೆದುಕೊಟ್ಟಿದ್ದು, ಸಣ್ಣ ತುತ್ತು ಮಾಡಿ ನಿಧಾನವಾಗಿ ಉಣ್ಣಲು ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ಇಷ್ಟಕ್ಕೂ ನಿಲ್ಲದಿದ್ದರೆ ಪೇಸ್‌ಮೇಕರ್ ಬೇಕಾಗಬಹುದು ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ವರದಿ ಹೇಳಿದ ದಿನಕ್ಕೆ ಸಿಗಲಿಲ್ಲ. ಅದಕ್ಕಿಂತ ಗಂಭೀರವಾದ ಕೊರತೆಯೆಂದರೆ, ಕ್ಲಿನಿಕ್ ಮೊದಲ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲ. ಎಚ್ಚರ ತಪ್ಪುವ ರೋಗಿಗಳನ್ನು ಆ ಕಡಿದಾದ ಮೆಟ್ಟಿಲು ಹತ್ತಿಸುವುದು ಸರಿಯಲ್ಲ. ನೆಲಮಹಡಿಯಲ್ಲಿ ಒಂದು ಪರೀಕ್ಷಾ ಕೊಠಡಿ ಮಾಡಬೇಕೆಂದು ಅವರ ಸಲಹಾ ಪುಸ್ತಕದಲ್ಲಿಯೂ ಬರೆದು ಬಂದಿದ್ದೇನೆ.